ಹೃದಯದ ತುಣುಕೂ ಜೀವದ ಅಂಗಡಿಯೂ

ಯಲಹಂಕದ ಉಪನಗರದಲ್ಲಾಗಲಿ, ಹೆಬ್ಬಾಳದ ಕೆರೆಯ ಸುತ್ತ ಎದ್ದಿರುವ ಬಹುಮಹಡಿಯ ಮನೆಗಳಲ್ಲಾಗಲಿ, ಯಶವಂತಪುರದ ಹಳೆಯ ವಠಾರಗಳಲ್ಲಾಗಲಿ, ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಆರ್.ಟಿ. ನಗರದಲ್ಲಾಗಲಿ, ಸಂಜೆ ದೀಪ ಹಚ್ಚುವ ವೇಳೆಗೆ ಒಂದೇ ಮಾತು ಕೇಳಿಬರುವುದು: “ಈ ವಿಡಿಯೋ ಗೇಮಿನಿಂದ ಮಕ್ಕಳು ಕೆಟ್ಟರು.” ತಾತಂದಿರು ಹೇಳುವರು, ತಂದೆಗಳು ತಲೆದೂಗುವರು, ತಾಯಂದಿರು ನಿಟ್ಟುಸಿರಿಡುವರು. ಆದರೆ ಮಗುವು ಆಡುತ್ತಿರುವ ಆಟ ಯಾವುದು, ಅದರೊಳಗೆ ನಡೆಯುವುದೇನು ಎಂದು ವಿಚಾರಿಸುವವರು ಮಾತ್ರ ವಿರಳ. ಮಗನ ಕೈಯಲ್ಲಿ ಪುಸ್ತಕವನ್ನು ಕಂಡರೆ ಯಾವ ಪುಸ್ತಕವೆಂದು ಕೇಳುವವರು, ಅವನ ಜತೆಗಾರನನ್ನು ಕಂಡರೆ ಯಾರ ಮನೆಯವನೆಂದು ಕೇಳುವವರು, ಆಟದ ವಿಷಯದಲ್ಲಿ ಇಷ್ಟು ಉದಾಸೀನರಾಗಿರುವುದು ಆಶ್ಚರ್ಯವೇ ಸರಿ. ಯಶವಂತಪುರದ ಮಾರುಕಟ್ಟೆಯ ಪ್ರಾಂಗಣದಲ್ಲಿ ಈರುಳ್ಳಿ ಕೊಳ್ಳುವವನು ಕೂಡ ಚೀಲದ ಬಾಯಿ ಬಿಚ್ಚಿ ನೋಡದೆ ಬೆಲೆ ಕಟ್ಟುವುದಿಲ್ಲ.

ಎಲ್ಲ ಆಟಗಳನ್ನೂ ಒಂದೇ ಉಸಿರಿನಲ್ಲಿ ನಿಂದಿಸುವುದರಿಂದ ಮಕ್ಕಳಿಗೆ ಉಪಕಾರವಾಗುವುದೆಂದು ಹಿರಿಯರು ತಿಳಿದಿದ್ದಾರೆ. ಅದರಿಂದ ಉಪಕಾರವಾಗುವುದು ಮಕ್ಕಳಿಗಲ್ಲ, ಕೆಟ್ಟ ಆಟಗಳ ವ್ಯಾಪಾರಿಗೆ. ಮಾವಿನ ಮರಕ್ಕೂ ಅದರ ಕೊಂಬೆಯ ಮೇಲಿನ ಬದನಿಕೆಗೂ ಭೇದವೆಣಿಸದವನ ತೋಟದಲ್ಲಿ ಕಡೆಗೆ ಉಳಿಯುವುದು ಬದನಿಕೆಯೇ. ಆದುದರಿಂದ ವಿವೇಚನೆ ಅವಶ್ಯಕ. ಆ ವಿವೇಚನೆಗೆ ದೊಡ್ಡ ಶಾಸ್ತ್ರವೇನೂ ಬೇಕಿಲ್ಲ. ಆಟದೊಳಗಿನ ವೀರನ ಜೀವಶಕ್ತಿಯು ಯಾವುದರಿಂದ ಬೆಳೆಯುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಕೇಳಿದರೆ ಆ ಆಟದ ಕುಲಗೋತ್ರವೆಲ್ಲವೂ ಹೊರಬೀಳುವುದು.

ಇಂಥ ಆಟಗಳನ್ನು ನೋಡದ ವಾಚಕರ ಸಲುವಾಗಿ ಸಂಗತಿಯನ್ನು ಸ್ವಲ್ಪ ವಿಶದಪಡಿಸುವುದು ಯುಕ್ತ. ಜಪಾನು ದೇಶದ ಕ್ಯೋಟೋ ನಗರದಲ್ಲಿ 1889ನೆಯ ಇಸವಿಯಲ್ಲಿ ಆಟದ ಎಲೆಗಳನ್ನು ತಯಾರಿಸುವುದಕ್ಕಾಗಿ ಸ್ಥಾಪಿತವಾದ ನಿಂಟೆಂಡೋ ಎಂಬ ಕಂಪನಿಯು 1986ನೆಯ ಫೆಬ್ರವರಿಯಲ್ಲಿ ‘ದಿ ಲೆಜೆಂಡ್ ಆಫ್ ಝೆಲ್ಡಾ’ ಎಂಬ ಸಾಹಸದ ಆಟವನ್ನು ಹೊರತಂದಿತು. ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಎಂಬ ಇಬ್ಬರು ಅದರ ಮುಖ್ಯ ಕಲ್ಪಕರು. ಮಿಯಾಮೊಟೊ ಬಾಲ್ಯದಲ್ಲಿ ತಮ್ಮ ಊರಿನ ಸುತ್ತಣ ಗುಡ್ಡಕಾಡುಗಳಲ್ಲಿ ಅಲೆದು, ಗುಹೆಯೊಂದನ್ನು ಕಂಡು, ದೀಪ ಹಿಡಿದು ಒಳಹೊಕ್ಕ ಅನುಭವವೇ ಈ ಆಟಕ್ಕೆ ಬೀಜವಾಯಿತೆಂಬುದು ಪ್ರಸಿದ್ಧ. ಆಟದ ನಾಯಕನು ಲಿಂಕ್ ಎಂಬ ಬಾಲಕ. ಅವನ ಜೀವಶಕ್ತಿಯನ್ನು ತೆರೆಯ ಮೇಲೆ ಕೆಂಪು ಹೃದಯದ ಆಕೃತಿಗಳಿಂದ ಸೂಚಿಸುತ್ತಾರೆ. ಮೊದಲಿಗೆ ಅವನಿಗಿರುವುದು ಮೂರೇ ಹೃದಯ. ಶತ್ರುವಿನ ಏಟು ತಗಲಿದಂತೆಲ್ಲ ಅವು ಬರಿದಾಗುವುವು. ಎಲ್ಲವೂ ಬರಿದಾದರೆ ಅವನು ಬೀಳುವನು.

ಈ ಮೂರನ್ನು ಹೆಚ್ಚಿಸುವ ವಸ್ತುವಿಗೆ ಹಾರ್ಟ್ ಕಂಟೇನರ್ ಎಂದು ಹೆಸರು, ಹೃದಯಪಾತ್ರೆ ಎನ್ನಬಹುದು. ಬರಿದಾದ ಹೃದಯವನ್ನು ತುಂಬಿಸುವುದು ಒಂದು ಕೆಲಸ, ಹೊಸದೊಂದು ಪಾತ್ರೆಯನ್ನು ಸಂಪಾದಿಸುವುದು ಬೇರೊಂದು ಕೆಲಸ. ಮೊದಲನೆಯದು ಹಸಿದವನಿಗೆ ಊಟ, ಎರಡನೆಯದು ಅವನ ದೇಹವೇ ಬೆಳೆಯುವುದು. ಆ ಆಟದಲ್ಲಿ ಎಂಟು ಪಾತಾಳಗೃಹಗಳ ಕೊನೆಯಲ್ಲಿ ಕಾವಲಿರುವ ದೊಡ್ಡ ಶತ್ರುವನ್ನು ಗೆದ್ದಾಗ ಒಂದೊಂದರಂತೆ ಎಂಟು ಪಾತ್ರೆಗಳು ದೊರೆಯುವುವು. ಇನ್ನೈದು ಪಾತ್ರೆಗಳು ಹೊರಗಿನ ವಿಸ್ತಾರವಾದ ನಾಡಿನಲ್ಲಿ ಅಡಗಿರುವುವು: ಪೊದೆಯನ್ನು ಸುಟ್ಟು, ಬಂಡೆಗೆ ಸಿಡಿಮದ್ದಿಟ್ಟು, ತೆಪ್ಪದಲ್ಲಿ ನೀರನ್ನು ದಾಟಿ ಅವನ್ನು ಹುಡುಕಬೇಕು. ಇಂತು ಮೂರು ಹೃದಯಗಳು ಹದಿನಾರಾಗುವುವು. ಮುಂದೆ 1991ರಲ್ಲಿ ಬಂದ ಅದೇ ಮಾಲೆಯ ಆಟದಲ್ಲಿ ಹೃದಯವನ್ನು ತುಣುಕು ಮಾಡಿದರು. ನಾಡಿನ ಮೂಲೆಮೂಲೆಗಳಲ್ಲಿ 24 ತುಣುಕುಗಳು. ನಾಲ್ಕು ಕೂಡಿದರೆ ಒಂದು ಪಾತ್ರೆ. 1998ರ ಆಟದಲ್ಲಿ ಆ ತುಣುಕುಗಳು 36 ಆದುವು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ಅಜ್ಜಿಯರು ಹೇಳುವ ಮಾತನ್ನೇ ಆ ಆಟವು ಬಾಯಿಂದ ಹೇಳದೆ ಮಾಡಿಸಿ ತೋರಿಸುತ್ತದೆ.

ಮೊದಲನೆಯ ಆಟದ ಒಂದು ಸಂದರ್ಭವಂತೂ ಸಂಸ್ಕೃತ ಪಾಠಶಾಲೆಯ ಮೆಟ್ಟಲನ್ನು ಹತ್ತಿದವರಿಗೆ ವಿಶೇಷವಾಗಿ ರುಚಿಸತಕ್ಕದ್ದು. ಬಾಲಕನು ಕಷ್ಟಪಟ್ಟು ಗುಪ್ತವಾದ ಗುಹೆಯೊಂದನ್ನು ಹೊಗುತ್ತಾನೆ. ಒಳಗೆ ಒಬ್ಬ ವೃದ್ಧನು ಎರಡು ವಸ್ತುಗಳನ್ನು ಮುಂದಿರಿಸಿ, ಇವೆರಡರಲ್ಲಿ ಇಷ್ಟವಾದ ಒಂದನ್ನು ತೆಗೆದುಕೊಳ್ಳೆನ್ನುತ್ತಾನೆ. ಒಂದು, ಕೆಂಪು ಔಷಧ. ಎರಡು ಬಾರಿ ಕುಡಿದು ಎಲ್ಲ ಹೃದಯಗಳನ್ನೂ ತುಂಬಿಸಿಕೊಳ್ಳಬಹುದು, ಆಮೇಲೆ ಬುರುಡೆ ಬರಿದು. ಇನ್ನೊಂದು, ಹೃದಯಪಾತ್ರೆ, ಅದನ್ನು ಆರಿಸಿಕೊಂಡವನ ಶಕ್ತಿ ಆಟ ಮುಗಿಯುವವರೆಗೂ ಕುಂದದೆ ಹೆಚ್ಚಿರುವುದು. ಗಾಯಗೊಂಡು ಬಂದವನ ಕಣ್ಣು ಔಷಧದ ಕಡೆಗೇ ಹೋಗುವುದು ಸಹಜ. ಯಮನ ಮುಂದೆ ನಿಂತ ನಚಿಕೇತನಿಗೆ ಬಂದುದೂ ಇಂಥ ಆಯ್ಕೆಯೇ ಅಲ್ಲವೆ? ಪ್ರೇಯಸ್ಸು ಒಂದು ಕಡೆ, ಶ್ರೇಯಸ್ಸು ಒಂದು ಕಡೆ. ಆಟದ ಪಾತ್ರೆಯು ಬ್ರಹ್ಮವಿದ್ಯೆಯೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ಈಗಿನ ನೋವಿಗೆ ಹಿತವಾದುದನ್ನು ಬಿಟ್ಟು ಮುಂದಿನ ದಾರಿಗೆ ಹಿತವಾದುದನ್ನು ಆರಿಸುವ ಅಭ್ಯಾಸವು ಹತ್ತು ವರ್ಷದ ಬಾಲಕನಿಗೆ ಎಲ್ಲಿಂದ ಬಂದರೂ ಅದು ಸದಭ್ಯಾಸವೇ.

ಅಧಿಕಾರಿಭೇದವೂ ಅಲ್ಲಿ ಉಂಟು. ಬಿಳಿಯ ಖಡ್ಗವನ್ನು ಕೊಡುವ ವೃದ್ಧನು ಐದು ಹೃದಯಪಾತ್ರೆಗಳಿಲ್ಲದವನಿಗೆ ಅದನ್ನು ಕೊಡನು; ಎಲ್ಲಕ್ಕಿಂತ ಮೇಲಾದ ಖಡ್ಗಕ್ಕೆ ಹನ್ನೆರಡು ಬೇಕು. 2017ರಲ್ಲಿ ಬಂದ ಅದೇ ಮಾಲೆಯ ಆಟದಲ್ಲಿ ಹದಿಮೂರು ಹೃದಯಗಳಿಲ್ಲದವನು ಆ ಖಡ್ಗವನ್ನು ಕೀಳಲು ಯತ್ನಿಸಿದರೆ ಅವನ ಪ್ರಾಣವೇ ಸೋರಿಹೋಗುವುದು. ಯೋಗ್ಯತೆಯನ್ನು ಸಂಪಾದಿಸಿದವನಿಗೆ ಮಾತ್ರ ಆಯುಧ ಎಂಬ ನಿಯಮವು ಗುರುಕುಲದ ನಿಯಮವೇ.

ಇದೆಲ್ಲವೂ ಪರದೇಶದ ಮಾಯೆ, ಇಲ್ಲಿಯವರಿಗೆ ಪರಕೀಯ ಎಂಬ ಆಕ್ಷೇಪಣೆಯು ನಿಲ್ಲುವುದಿಲ್ಲ. ದುರ್ಯೋಧನನು ವಿಷವಿಕ್ಕಿ ಗಂಗೆಗೆ ನೂಕಿಸಿದ ಭೀಮನು ನಾಗಲೋಕಕ್ಕೆ ಇಳಿದು, ಅಲ್ಲಿ ರಸದ ಕುಂಡಗಳನ್ನು ಒಂದಾದ ಮೇಲೊಂದರಂತೆ ಎಂಟನ್ನು ಕುಡಿದು, ಒಂದೊಂದರಿಂದಲೂ ಸಾವಿರ ನಾಗಗಳ ಬಲವನ್ನು ಪಡೆದು ಮೇಲೆದ್ದು ಬಂದ ಕಥೆಯನ್ನು ಆದಿಪರ್ವದಲ್ಲಿ ಓದದವರಾರು? ವಿಶ್ವಾಮಿತ್ರರ ಹಿಂದೆ ನಡೆದ ರಾಮನಿಗೆ ಮೊದಲು ದೊರೆತುದು ಆಯಾಸವನ್ನೂ ಜ್ವರವನ್ನೂ ಹತ್ತಿರ ಸೇರಿಸದ ಬಲಾ, ಅತಿಬಲಾ ಎಂಬ ವಿದ್ಯೆಗಳು. ದಿವ್ಯಾಸ್ತ್ರಗಳು ದೊರೆತುದು ತಾಟಕೆಯನ್ನು ಕೊಂದ ಮೇಲೆ. ಮೊದಲು ನಡಿಗೆ, ಆಮೇಲೆ ಶಕ್ತಿ. ಮೊದಲು ಪರೀಕ್ಷೆ, ಆಮೇಲೆ ಅಸ್ತ್ರ. ಈ ಕ್ರಮವನ್ನು ಜಪಾನಿನವರು ವಾಲ್ಮೀಕಿಗಳಿಂದ ಕಲಿತರೆಂದು ಹೇಳುವುದು ಅಪಹಾಸ್ಯಕ್ಕೆ ಗುರಿಯಾದೀತು. ಆದರೆ ಸಾಹಸದ ಕಥೆಯನ್ನು ಚೆನ್ನಾಗಿ ಕಟ್ಟಬೇಕೆನ್ನುವವರು ಯಾವ ದೇಶದವರಾದರೂ ಇದೇ ಕ್ರಮಕ್ಕೆ ಬಂದು ಸೇರುವರೆಂಬುದು ನಿಜ.

ಇನ್ನು ಗುರುತರವಾದ ಆಕ್ಷೇಪಣೆಗಳಿವೆ, ಅವನ್ನು ಮರೆಮಾಚತಕ್ಕದ್ದಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಸುಮಾರು 750ನೆಯ ಇಸವಿಯದೆಂದು ವಿದ್ವಾಂಸರು ನಿರ್ಣಯಿಸಿರುವ ಆ ಶಾಸನವು ಗಂಗರ ಶ್ರೀಪುರುಷನ ಕಾಲದ್ದು. ರಾಷ್ಟ್ರಕೂಟರ ದಾಳಿಯನ್ನೆದುರಿಸಿ ಮಡಿದ ಕಿಟ್ಟಯ್ಯನೆಂಬ ವೀರನ ಸ್ಮಾರಕ. ಆ ಕಲ್ಲಿನ ಮುಂದೆ ನಿಂತ ಹಿರಿಯರೊಬ್ಬರು ಹೀಗೆ ಕೇಳಬಹುದು: “ಕಿಟ್ಟಯ್ಯನಿಗೆ ಇದ್ದುದು ಒಂದೇ ಜೀವ. ಅದನ್ನು ಕೊಟ್ಟದ್ದರಿಂದಲೇ ಅವನಿಗೆ ಕಲ್ಲು ನಿಂತಿತು. ಬಿದ್ದರೂ ಮತ್ತೆ ಏಳುವ, ಹೃದಯಗಳನ್ನು ಹಣ್ಣಿನಂತೆ ಆರಿಸಿಕೊಳ್ಳುವ ಆಟದಿಂದ ಮಕ್ಕಳಿಗೆ ಮರಣವು ಹಗುರವಾಗಿ ಕಾಣುವುದಿಲ್ಲವೆ?” ಈ ಮಾತಿನಲ್ಲಿ ತೂಕವುಂಟು. ಆದರೆ ಕಿಟ್ಟಯ್ಯನೂ ಅಂಕಣಕ್ಕಿಳಿಯುವ ಮೊದಲು ಗರಡಿಯಲ್ಲಿ ಬಿದ್ದೆದ್ದವನೇ ಆಗಿರಬೇಕು. ಗರಡಿಯ ಮಣ್ಣಿನಲ್ಲಿ ನೂರು ಬಾರಿ ಬೀಳುವುದಕ್ಕೆ ಅವಕಾಶವಿರುವುದರಿಂದಲೇ ಅದು ಗರಡಿ. ಆಟವೂ ಅಂತೆಯೇ. ಅಲ್ಲಿಯ ಬೀಳುವಿಕೆಯನ್ನು ನಿಜವಾದ ಮರಣವೆಂದು ಮಗುವು ಭ್ರಮಿಸುವುದಿಲ್ಲ. ಭ್ರಮಿಸುವವರು ಅದನ್ನು ದೂರದಿಂದ ನೋಡುವ ದೊಡ್ಡವರು.

ಆರೋಗ್ಯದ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ನೆಯ ಜನವರಿಯಿಂದ ಆಟದ ಗೀಳೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇಂಥ ಗೀಳುಗಳಿಗಾಗಿ ಶಟ್ ಎಂಬ ಹೆಸರಿನ ಚಿಕಿತ್ಸಾಲಯವನ್ನು ತೆರೆಯಿತು. ಒಳ್ಳೆಯ ಆಟವಾದರೂ ಊಟ, ನಿದ್ರೆ, ಪಾಠಗಳನ್ನು ನುಂಗಿದರೆ ವಿಷವೇ, ಇದರಲ್ಲಿ ವಾದವಿಲ್ಲ. ಆದರೆ ಹಾಲು ಹೆಚ್ಚು ಕುಡಿದು ಅಜೀರ್ಣವಾದವನನ್ನು ತೋರಿಸಿ, ಹಾಲೂ ಹೆಂಡವೂ ಒಂದೇ ಎಂದು ಸಾಧಿಸುವುದು ಯಾವ ತರ್ಕ?

ಈಗ ಹೆಂಡದ ಕಡೆಗೆ ತಿರುಗೋಣ. ವಿಡಿಯೋ ಗೇಮಿನ ಅಂಗಡಿಗಳು ಬೀದಿಯಲ್ಲಿದ್ದ ಕಾಲದಲ್ಲಿ ನಾಣ್ಯವೊಂದನ್ನು ಹಾಕಿದರೆ ಕೆಲವು ಜೀವಗಳು. ಅವು ತೀರಿದರೆ ಮತ್ತೊಂದು ನಾಣ್ಯ. ಆ ವ್ಯಾಪಾರಕ್ಕೆ ಒಂದು ಗಡಿಯಾದರೂ ಇದ್ದಿತು: ಹುಡುಗನ ಜೇಬು ಬರಿದಾದರೆ ಆಟ ಮುಗಿಯಿತು. ಈಗಿನ ಮೊಬೈಲಿಗೆ ಆ ಗಡಿಯಿಲ್ಲ, ಏಕೆಂದರೆ ಜೇಬು ತಂದೆಯದು. 2012ನೆಯ ಇಸವಿಯಲ್ಲಿ ಬಂದು ಲೋಕವನ್ನೆಲ್ಲ ವ್ಯಾಪಿಸಿದ ‘ಕ್ಯಾಂಡಿ ಕ್ರಷ್ ಸಾಗಾ’ವನ್ನೇ ನೋಡಬಹುದು. ಅದು ಸಾಹಸದ ಆಟವಲ್ಲ. ಮಿಠಾಯಿಯ ಚಿತ್ರಗಳನ್ನು ಸಾಲುಗೂಡಿಸುವ ಆಟ. ಆದರೆ ಜೀವದ ವ್ಯಾಪಾರಕ್ಕೆ ಅದು ಚೆನ್ನಾದ ನಿದರ್ಶನ. ಅಲ್ಲಿ ಐದು ಜೀವ, ಸೋತಾಗಲೊಂದು ಹೋಗುವುದು, ಹೋದುದೊಂದು ಮರಳಿ ಬರಲು ಅರ್ಧ ಗಂಟೆ. ಕಾಯಲಾರದವನು ಸ್ನೇಹಿತರನ್ನು ಬೇಡಬೇಕು, ಇಲ್ಲವೆ ಹಣ ತೆತ್ತು ಕೊಳ್ಳಬೇಕು. ಕಾಯುವುದರಿಂದ ತಾಳ್ಮೆ ಬೆಳೆಯುವುದಷ್ಟೆ ಎಂದು ಯಾರಾದರೂ ಸಮರ್ಥಿಸಿಯಾರು. ಬಸ್ಸಿಗೆ ಕಾಯುವವನೆಲ್ಲ ತಪಸ್ವಿಯಾದಲ್ಲಿ ಆ ಸಮರ್ಥನೆ ನಿಲ್ಲುವುದು.

ಈ ಎರಡು ಬಗೆಗಳಲ್ಲಿರುವ ಅಂತರವನ್ನು ವಾಚಕರು ಸೂಕ್ಷ್ಮವಾಗಿ ಗಮನಿಸಬೇಕು. ಹುಡುಕಿ ಪಡೆದ ಹೃದಯವು ಆ ಆಟದಲ್ಲಿ ಕಡೆಯವರೆಗೂ ಉಳಿಯುವುದು. ಕೊಂಡ ಜೀವವು ಐದು ನಿಮಿಷದಲ್ಲಿ ಕರಗುವುದು. ಮೊದಲನೆಯದರಲ್ಲಿ ಕಷ್ಟವನ್ನು ಇರಿಸಿದ ಉದ್ದೇಶವು ಆಡುವವನು ಅದನ್ನು ದಾಟಲೆಂದು. ಎರಡನೆಯದರಲ್ಲಿ ಕಷ್ಟವನ್ನು ಇರಿಸುವವನೇ ಅದರ ಪರಿಹಾರವನ್ನೂ ಮಾರುತ್ತಾನೆ. ರೋಗವನ್ನು ಹಂಚುವವನೂ ಔಷಧವನ್ನು ಮಾರುವವನೂ ಒಬ್ಬನೇ ಆದರೆ ಆ ಊರಿನಲ್ಲಿ ಆರೋಗ್ಯವಂತರು ಉಳಿಯುವುದುಂಟೆ? ಝೆಲ್ಡಾ ಆಟವೂ ಮಾರಾಟದ ಸರಕೇ ಅಲ್ಲವೆ ಎಂದು ಕೇಳುವವರಿದ್ದಾರೆ. ಹೌದು, ಅಗ್ಗದ ಸರಕೂ ಅಲ್ಲ. ಆದರೆ ಪುಸ್ತಕಕ್ಕೆ ಬೆಲೆ ಕೊಡುವುದೂ ಪುಟ ತಿರುವಿದಂತೆಲ್ಲ ಬೆಲೆ ಕೊಡುವುದೂ ಒಂದಲ್ಲ. ಆ ಆಟದೊಳಗಿನ ಹಣದ ಹೆಸರು ಸಹ ವಿನೋದವಾಗಿ ‘ರುಪೀ’ ಎಂದೇ. ಮೊದಲನೆಯ ಆಟದಲ್ಲಿ ಆ ರುಪೀಗಳನ್ನು ಕೊಟ್ಟು ಔಷಧವನ್ನು ಕೊಳ್ಳಬಹುದು. ಹೃದಯಪಾತ್ರೆಯನ್ನು ಮಾತ್ರ ಯಾವ ಅಂಗಡಿಯೂ ಮಾರುವುದಿಲ್ಲ. ಯೋಗ್ಯತೆಯು ಕ್ರಯಕ್ಕೆ ಸಿಕ್ಕುವ ವಸ್ತುವಲ್ಲವೆಂಬ ಮರ್ಯಾದೆ ಅಲ್ಲಿದ್ದಿತು.

ಕೊಂಡ ಜೀವದ ಕಥೆಯೂ ಪುರಾಣದಲ್ಲಿ ಇಲ್ಲದೆ ಇಲ್ಲ. ಶುಕ್ರಾಚಾರ್ಯರ ಶಾಪದಿಂದ ಮುಪ್ಪಿಗೆ ಗುರಿಯಾದ ಯಯಾತಿಯು ಮಗನಾದ ಪೂರುವಿನ ಯೌವನವನ್ನು ಪಡೆದು ಸಾವಿರ ವರ್ಷ ಭೋಗಿಸಿ, ಕಡೆಗೆ ಭೋಗದಿಂದ ಆಸೆಯು ತೀರದೆಂದು ತಿಳಿದು ಅದನ್ನು ಹಿಂದಿರುಗಿಸಿದನು. ಅಲ್ಲಿ ತಂದೆಯ ಮುಪ್ಪನ್ನು ಮಗನು ಹೊತ್ತನು. ಇಲ್ಲಿ ಮಗನು ಕಳೆದುಕೊಂಡ ಜೀವಗಳಿಗೆ ತಂದೆಯ ಸಂಬಳವು ತೆರುತ್ತದೆ. ಯಯಾತಿಗೆ ಕಡೆಗಾದರೂ ವಿವೇಕವುಂಟಾಯಿತು. ಮೊಬೈಲಿನ ಅಂಗಡಿಗೆ ವಿವೇಕವುಂಟಾಗುವುದನ್ನು ಕಾಯುತ್ತ ಕುಳಿತರೆ ಸಾವಿರ ವರ್ಷವೂ ಸಾಲದು.

ಸರ್ಕಾರವು ಏನು ಮಾಡುತ್ತಿದೆ ಎಂದು ಕೇಳುವುದು ಸಹಜ. ಜೂಜನ್ನು ತಡೆಯುವ ಯತ್ನಗಳು ನಡೆದಿವೆ. 2021ರಲ್ಲಿ ಕರ್ನಾಟಕದ ಶಾಸನಸಭೆಯು ಪೊಲೀಸ್ ಕಾಯಿದೆಯನ್ನು ತಿದ್ದಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ನೆಯ ಫೆಬ್ರವರಿಯಲ್ಲಿ ರಾಜ್ಯದ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಪಡಿಸಿತು. ಕೌಶಲದ ಆಟ ಬೇರೆ, ಅದೃಷ್ಟದ ಜೂಜು ಬೇರೆ ಎಂಬ ಹಳೆಯ ಭೇದವೇ ಅಲ್ಲಿ ಗೆದ್ದಿತು. 2025ನೆಯ ಆಗಸ್ಟಿನಲ್ಲಿ ಪಾರ್ಲಿಮೆಂಟು, ಕೌಶಲವಿರಲಿ ಅದೃಷ್ಟವಿರಲಿ, ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ನಿಷೇಧಿಸುವ ಶಾಸನವನ್ನು ಮಾಡಿತು. ಈ ಶಾಸನಗಳ ದೃಷ್ಟಿಯೆಲ್ಲ ಪಣದ ಮೇಲೆ. ಜೀವವನ್ನು ಕೊಳ್ಳುವ ಮಗುವಿಗೆ ಹಣ ಗೆಲ್ಲುವ ಆಸೆಯಿಲ್ಲ. ಇನ್ನೊಂದು ಬಾರಿ ಆಡುವ ಆಸೆ ಮಾತ್ರ. ಆದ್ದರಿಂದ ಅದು ಜೂಜಲ್ಲ, ಬರಿಯ ವ್ಯಾಪಾರ. ಜೂಜುಕೋರನಿಗೆ ಗೆಲ್ಲುವ ಸಂಭವವಾದರೂ ಇದ್ದಿತು. ಈ ಮಗುವಿಗೆ ಅದೂ ಇಲ್ಲ. ಹೀಗಿರಲು ಕಾನೂನಿನ ಜಾಲರಿಯಿಂದ ನುಣುಚಿಕೊಂಡ ಈ ಮೀನನ್ನು ಮನೆಯವರೇ ಹಿಡಿಯಬೇಕು.

ಇದು ದೂರದ ಊರಿನ ಸಮಾಚಾರವೆಂದು ಬೆಂಗಳೂರಿನವರು ಕೈತೊಳೆದುಕೊಳ್ಳುವಂತೆಯೂ ಇಲ್ಲ. 1997ರಲ್ಲಿ ಇಲ್ಲಿಯೇ ಸ್ಥಾಪಿತವಾದ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯು ಭಾರತದಲ್ಲಿ ವಿಡಿಯೋ ಗೇಮಿನ ಉದ್ಯಮಕ್ಕೆ ಮೊದಲಿಗರಲ್ಲೊಂದಾಗಿ, 2019ರಲ್ಲಿ ರಾಕ್‌ಸ್ಟಾರ್ ಎಂಬ ಪರದೇಶದ ಕಂಪನಿಯ ಪಾಲಾಯಿತು. ಕರ್ನಾಟಕ ಸರ್ಕಾರವು 2012ರಲ್ಲಿಯೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಗಳಿಗಾಗಿ ಒಂದು ನೀತಿಯನ್ನು ಪ್ರಕಟಿಸಿತು. 2024ರಿಂದ 2029ರವರೆಗಿನ ನೀತಿಯೂ ಈಗ ಉಂಟು. ಇಲ್ಲಿಯ ಮಕ್ಕಳು ಆಡುವವರು ಮಾತ್ರವಲ್ಲ, ನಾಳೆ ಆಟಗಳನ್ನು ಕಟ್ಟುವವರೂ ಅವರೇ. ಅವರು ಎಂಥ ಆಟವನ್ನು ಕಟ್ಟುವರು? ಹುಡುಕುವವನಿಗೆ ಹೃದಯವನ್ನು ಕೊಡುವ ಆಟವನ್ನೋ, ಬಳಲಿದವನಿಗೆ ಜೀವವನ್ನು ಮಾರುವ ಆಟವನ್ನೋ? ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಎಲೆಗಳ ಆಟಗಳನ್ನು ವಿವರಿಸಿ, ದೇವತಾಮೂರ್ತಿಗಳ ಲಕ್ಷಣಗಳಿರುವ ಗ್ರಂಥದಲ್ಲಿಯೇ ಆಟಗಳಿಗೂ ಸ್ಥಾನವಿತ್ತರು. ಆಟವು ಹಗುರವಾದ ವಸ್ತುವೆಂದು ಆ ಮಹಾರಾಜರು ಎಣಿಸಲಿಲ್ಲ. ಅವರ ನಾಡಿನಲ್ಲಿ ಸಹ್ಯಾದ್ರಿಯ ಗುಹೆಗಳಿವೆ, ಹಂಪೆಯ ಕಲ್ಲುಗಳಿವೆ, ಹೆಬ್ಬಾಳದ ವೀರಗಲ್ಲೂ ಇದೆ. ಹೃದಯದ ತುಣುಕುಗಳನ್ನು ಅಡಗಿಸಿಡುವುದಕ್ಕೆ ತಾಣಗಳಿಗೇನು ಕೊರತೆ?

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಮೊದಲನೆಯದಾಗಿ, ಮಗುವಿನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ನೋಡಬೇಕು; ನಿಂದಿಸುವುದಕ್ಕೂ ಅದರಿಂದ ಅಧಿಕಾರ ಬರುವುದು. ಎರಡನೆಯದಾಗಿ, ಮೂರು ಪ್ರಶ್ನೆಗಳನ್ನು ಕೇಳಬೇಕು: ಈ ಆಟದಲ್ಲಿ ಶಕ್ತಿಯು ಹುಡುಕಿದರೆ ಬರುವುದೋ, ಕೊಂಡರೆ ಬರುವುದೋ? ಬಂದುದು ಉಳಿಯುವುದೋ, ಕರಗುವುದೋ? ಆಟಕ್ಕೆ ಒಂದು ಕೊನೆಯುಂಟೋ, ಇಲ್ಲವೋ? ಮೂರನೆಯದಾಗಿ, ಹಣ ಕಳುಹಿಸುವ ಗುಪ್ತಸಂಖ್ಯೆಯನ್ನು ಮಗುವಿನ ಕೈಗೆ ಕೊಡಕೂಡದು. ಮಗು ಅಳುವುದನ್ನು ನಿಲ್ಲಿಸಲೆಂದು ಹತ್ತಿಪ್ಪತ್ತು ರೂಪಾಯಿಯ ಜೀವವನ್ನು ತಾನೇ ಕೊಂಡುಕೊಡುವ ತಂದೆಯು ಅಂದು ಕೊಂಡದ್ದು ಜೀವವಲ್ಲ. ಕಷ್ಟ ಬಂದಲ್ಲಿ ಕೈಚಾಚುವ ಅಭ್ಯಾಸವನ್ನು.

ನಾಲ್ಕನೆಯ ತುಣುಕಿಗಾಗಿ ಮೂರು ದಿನ ಅಲೆದು ಕಡೆಗೆ ಅದು ದೊರೆತಾಗ ಮೇಲಕ್ಕೆ ನೆಗೆಯುವ ಹುಡುಗನನ್ನು ನೋಡಿ “ಕೆಟ್ಟನು” ಎನ್ನುವ ಮೊದಲು ಹಿರಿಯರು ಒಂದು ನಿಮಿಷ ಯೋಚಿಸಬೇಕು. ಅಷ್ಟೇ ಶ್ರದ್ಧೆಯಿಂದ ಅವನು ಲೆಕ್ಕವನ್ನು ಬಿಡಿಸಿದ್ದರೆ ಅವನನ್ನು ಹೊಗಳುತ್ತಿದ್ದರಲ್ಲವೆ? ಅವನ ಶ್ರದ್ಧೆಯನ್ನು ಕೀಳದೆ ಅದಕ್ಕೆ ತಕ್ಕ ಬೇರೆ ಹೊಲಗಳನ್ನೂ ತೋರಿಸುವುದು ಹಿರಿಯರ ಕೆಲಸ. ಶ್ರದ್ಧೆಯೇ ಇಲ್ಲದೆ, ಹಣದ ಗುಂಡಿಯನ್ನೊತ್ತಿ ಜೀವವನ್ನು ಕೊಳ್ಳುತ್ತ ಕುಳಿತವನ ವಿಷಯದಲ್ಲಿಯೇ ಮನೆಯವರು ಚಿಂತಿಸತಕ್ಕದ್ದು. ಅಲಮತಿವಿಸ್ತರೇಣ.